ಡಬಲ್ ಬೇಸ್ ಒಂದೇ ಇರುವ ಆಲ್ಬಂಗಳು: ನಿಮಗೆ ಪ್ರಿಯವಾದದ್ದು ಯಾವುದು, ಏಕೆ?

ಮಂದ್ರಪಂಚಮ:

ಎಲ್ಲರಿಗೂ ನಮಸ್ಕಾರ. ಜಾಝ್ ಕೇಳತೊಡಗಿ ಹತ್ತು ವರ್ಷಗಳಾಗಿದ್ದರೂ ಡಬಲ್ ಬೇಸನ್ನು (ಆಳೆತ್ತರದ, ಮಂದ್ರ ಸ್ವರದ, ದೊಡ್ಡ ಪಿಟೀಲಿನಂತಹ ವಾದ್ಯವನ್ನು) ನಾನು ಬಹುಕಾಲ ಪಕ್ಕವಾದ್ಯವೆಂದೇ ಎಣಿಸಿದ್ದೆ. ಪಿಯಾನೊ ಅಥವಾ ಸ್ಯಾಕ್ಸೊಫೋನಿನ ಕೆಳಗೆ ನಡೆಯುತ್ತ, ಲಯವನ್ನೂ ಸ್ವರಗಳ ತಳವನ್ನೂ ಒಟ್ಟಿಗೆ ಹಿಡಿದುಕೊಂಡು, ನಡುವೆ ಒಂದೆರಡು ನಿಮಿಷ ಬಿಟ್ಟುಕೊಟ್ಟಾಗ ತನಿ ನುಡಿಸಿ ಮತ್ತೆ ಹಿಂದಕ್ಕೆ ಸರಿಯುವುದಷ್ಟೇ ಅದರ ಪಾಲು ಎಂದುಕೊಂಡಿದ್ದೆ. ಆ ಎಣಿಕೆ ಮೊದಲು ಸಡಿಲವಾದದ್ದು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 1966ರ ಜಪಾನ್ ಪ್ರವಾಸದ ಧ್ವನಿಮುದ್ರಣವನ್ನು ಕೇಳಿದಾಗ. ಅಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಆರಂಭವಾಗುವುದಕ್ಕೆ ಮೊದಲು ಬೇಸ್ ವಾದಕ ಜಿಮ್ಮಿ ಗ್ಯಾರಿಸನ್ ಒಬ್ಬರೇ ಹದಿನೈದು ನಿಮಿಷದ ಹತ್ತಿರ ನುಡಿಸುತ್ತಾರೆ. ಕೃತಿಗೆ ಪೀಠಿಕೆ ಎಂದು ಆರಂಭವಾದದ್ದು ಬರಬರುತ್ತ ಕೃತಿಯನ್ನೇ ಮರೆಸಿಬಿಡುತ್ತದೆ.

ಆಮೇಲೆ ಹುಡುಕಿಕೊಂಡು ಹೋಗಿ ಬೇಸ್ ವಾದಕ ಡೇವ್ ಹಾಲೆಂಡ್ ಅವರ ‘ಎಮರಾಲ್ಡ್ ಟಿಯರ್ಸ್’ ಕೇಳಿದೆ. 1977ರಲ್ಲಿ ಓಸ್ಲೊ ನಗರದಲ್ಲಿ ಮುದ್ರಿತವಾದ ಈ ಆಲ್ಬಂನಲ್ಲಿ ಆರಂಭದಿಂದ ಕೊನೆಯವರೆಗೆ ಬೇಸ್ ಹೊರತು ಬೇರೇನೂ ಇಲ್ಲ. ‘ಸೋಲಾರ್’ ಎಂಬ ಹಳೆಯ ಜಾಝ್ ರಚನೆ ಬಂದಾಗ, ಅದರ ಧಾಟಿ ನನಗೆ ಮೊದಲೇ ಪರಿಚಿತವಾಗಿದ್ದುದರಿಂದ, ಯಾರೂ ನುಡಿಸದ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಕೂಡ ಕಿವಿಯಲ್ಲಿ ತಾವಾಗಿಯೇ ತುಂಬಿಕೊಂಡವು. ಆದರೆ ಅದೇ ಆಲ್ಬಂನಲ್ಲಿರುವ ಆಂಟನಿ ಬ್ರ್ಯಾಕ್ಸ್‌ಟನ್ ಅವರ, ಅಕ್ಷರಗಳನ್ನೂ ಅಂಕಿಗಳನ್ನೂ ಹೆಸರಾಗಿ ಉಳ್ಳ ರಚನೆಯಲ್ಲಿ ನಾನು ದಾರಿ ತಪ್ಪಿದೆ. ಎಲ್ಲಿ ಆರಂಭ, ಎಲ್ಲಿ ತಿರುವು, ಎಲ್ಲಿ ಮುಕ್ತಾಯ ಎಂಬುದು ಎರಡನೆಯ ಸಲ ಕೇಳಿದಾಗಲೂ ತಿಳಿಯಲಿಲ್ಲ.

ಜಾಝ್ ಮತ್ತು ಮುಕ್ತ ಮನೋಧರ್ಮ ಸಂಗೀತದಲ್ಲಿ ಬೇಸ್ ಒಂದೇ ಇರುವ ಆಲ್ಬಂಗಳಲ್ಲಿ ನಿಮಗೆ ಅತಿ ಪ್ರಿಯವಾದದ್ದು ಯಾವುದು? ದೊಡ್ಡ ಪಟ್ಟಿ ನನಗೆ ಬೇಡ. ಒಂದೋ ಎರಡೋ ಹೆಸರಿಸಿ, ತಾಳವೂ ಪರಿಚಿತ ಧಾಟಿಯೂ ಇಲ್ಲದ ನಲವತ್ತು ನಿಮಿಷಗಳಲ್ಲಿ ನೀವು ಯಾವುದನ್ನು ಹಿಡಿದುಕೊಂಡು ಕೇಳುತ್ತೀರಿ ಎಂಬುದನ್ನು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಕಮಾನು:

ಮಂದ್ರಪಂಚಮ ಅವರೇ, ನನ್ನ ಉತ್ತರದಲ್ಲಿ ಒಂದೇ ಹೆಸರಿದೆ: ಬಾರ್ ಫಿಲಿಪ್ಸ್. 1934ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಕೆಲವು ವರ್ಷ ನುಡಿಸಿ, ಯೂರೋಪಿಗೆ ಹೋಗಿ, ಮುಂದೆ ದಕ್ಷಿಣ ಫ್ರಾನ್ಸಿನಲ್ಲಿ ದಶಕಗಳ ಕಾಲ ನೆಲೆಸಿದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮುಕ್ತ ಮನೋಧರ್ಮದಲ್ಲಿ ಡಬಲ್ ಬೇಸ್ ಒಂದನ್ನೇ ನುಡಿಸಿದ ಮೊದಲ ಎಲ್.ಪಿ. ಎಂದು ಸಾಮಾನ್ಯವಾಗಿ ಎಣಿಸುವುದು ಅವರ ‘ಜರ್ನಲ್ ವಯೊಲೋನ್’ ಅನ್ನು.

ಅದು ಹುಟ್ಟಿದ ಬಗೆಯನ್ನು ತಿಳಿದುಕೊಂಡರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಎಲೆಕ್ಟ್ರಾನಿಕ್ ರಚನೆಯೊಂದಕ್ಕೆ ಕಚ್ಚಾ ಸಾಮಗ್ರಿಯಾಗಿ ಬೇಸಿನ ನಾದಗಳು ಬೇಕೆಂದು ಮ್ಯಾಕ್ಸ್ ಶುಬೆಲ್ ಎಂಬ ಸಂಗೀತಕಾರರು ಕೇಳಿದ್ದರು. ಅದಕ್ಕಾಗಿ 1968ರ ನವೆಂಬರ್‌ನಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಫಿಲಿಪ್ಸ್ ತಮಗೆ ತೋಚಿದಂತೆ ನುಡಿಸಿದರು. ಟೇಪನ್ನು ಕೇಳಿದ ಶುಬೆಲ್, ಇದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ, ಇದು ಇದ್ದ ಹಾಗೆಯೇ ಹೊರಬರಬೇಕು ಎಂದು ತೀರ್ಮಾನಿಸಿದರು. ಅಮೆರಿಕದಲ್ಲಿ ‘ಜರ್ನಲ್ ವಯೊಲೋನ್’ ಎಂದೂ, ಇಂಗ್ಲೆಂಡಿನಲ್ಲಿ ‘ಅನ್‌ಅಕಂಪನೀಡ್ ಬಾರ್’ ಎಂದೂ, ಫ್ರಾನ್ಸಿನಲ್ಲಿ ‘ಬಾಸ್ ಬಾರ್’ ಎಂದೂ ಬಿಡುಗಡೆಯಾದ ಮೂರೂ ಒಂದೇ ಧ್ವನಿಮುದ್ರಣ. ಹುಡುಕುವಾಗ ಇದು ನೆನಪಿರಲಿ. ನೀವು ಹೆಸರಿಸಿದ ಬ್ರ್ಯಾಕ್ಸ್‌ಟನ್ ಅವರು ಸ್ಯಾಕ್ಸೊಫೋನ್ ಒಂದನ್ನೇ ನುಡಿಸಿದ ಪ್ರಸಿದ್ಧ ಜೋಡಿ ಆಲ್ಬಂ ‘ಫಾರ್ ಆಲ್ಟೊ’ ಮುದ್ರಣವಾದದ್ದು 1969ರಲ್ಲಿ. ಹಿಂದೆ ನಿಲ್ಲುವ ವಾದ್ಯವೆಂದು ನಾವು ಎಣಿಸಿದ್ದು ಈ ಒಂದು ಹೆಜ್ಜೆಯನ್ನು ಸ್ಯಾಕ್ಸೊಫೋನಿಗಿಂತ ಮೊದಲೇ ಇಟ್ಟಿತ್ತು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಈ ಹಿನ್ನೆಲೆ ಏಕೆ ಮುಖ್ಯವೆಂದರೆ, ಫಿಲಿಪ್ಸ್ ಅಲ್ಲಿ ಶ್ರೋತೃಗಳಿಗಾಗಿ ನುಡಿಸುತ್ತಿರಲಿಲ್ಲ, ಆಲ್ಬಂ ಮಾಡಬೇಕೆಂದೂ ನುಡಿಸುತ್ತಿರಲಿಲ್ಲ. ತಂತಿಯಲ್ಲಿ, ಕಮಾನಿನಲ್ಲಿ, ಮರದ ಹೊಟ್ಟೆಯಲ್ಲಿ ಏನೇನು ನಾದವಿದೆ ಎಂದು ಒಂದೊಂದಾಗಿ ಹೊರತೆಗೆದು ನೋಡುತ್ತಿದ್ದರು. ಕಮಾನನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ) ಹತ್ತಿರ ತಂದಾಗ ಸ್ವರ ಸೀಳಿ ಅದರ ಮೇಲಿನ ಎಳೆಗಳು ಬೇರೆಬೇರೆಯಾಗಿ ಕೇಳುತ್ತವೆ. ದೂರ ಒಯ್ದಾಗ ಅದೇ ಸ್ವರ ಮಬ್ಬಾಗುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುವುದನ್ನು ನೀವು ಬಲ್ಲಿರಾದರೆ, ಅಂತಹ ಸ್ವಯಂಭೂ ಸ್ವರಗಳನ್ನು ಒಬ್ಬನು ಬೇಕೆಂದಾಗ ಕರೆದು ಬೇಡವೆಂದಾಗ ಕಳುಹಿಸುವುದು ಹೇಗಿರಬಹುದೆಂದು ಊಹಿಸಿಕೊಳ್ಳಿ. ನಾನು ಹಿಡಿದುಕೊಂಡು ಕೇಳುವುದು ಇದನ್ನೇ. ಧಾಟಿ ಎಲ್ಲಿಗೆ ಹೋಯಿತು ಎಂದು ಹುಡುಕುವುದಿಲ್ಲ. ಈ ಒಂದು ನಾದ ಯಾವ ಕ್ಷಣದಲ್ಲಿ ಇನ್ನೊಂದಾಯಿತು ಎಂದು ಗಮನಿಸುತ್ತೇನೆ. ಚರ್ಚಿನ ಮಾರ್ದನಿ ಪ್ರತಿ ಸ್ವರವನ್ನೂ ಸ್ವಲ್ಪ ಹೊತ್ತು ಎತ್ತಿ ಹಿಡಿಯುವುದರಿಂದ, ಅದು ಕರಗುವುದನ್ನು ಕಾದು ಮುಂದಿನದನ್ನು ನುಡಿಸುವುದೇ ಅಲ್ಲಿನ ಕಾಲಪ್ರಮಾಣವಾಗಿದೆ.

ಅರ್ಧ ಶತಮಾನದ ನಂತರ, 2017ರಲ್ಲಿ, ಎಂಬತ್ತು ದಾಟಿದ ಫಿಲಿಪ್ಸ್ ದಕ್ಷಿಣ ಫ್ರಾನ್ಸಿನ ಸ್ಟುಡಿಯೊ ಒಂದರಲ್ಲಿ ‘ಎಂಡ್ ಟು ಎಂಡ್’ ಮುದ್ರಿಸಿದರು. ಏಕಾಂಗಿಯಾಗಿ ನುಡಿಸುವ ತಮ್ಮ ಕೊನೆಯ ಆಲ್ಬಂ ಎಂದು ತಿಳಿದೇ ಮಾಡಿದ್ದು ಅದು. ಯೌವನದಲ್ಲಿ ಹೊರತೆಗೆದ ನಾದಗಳಲ್ಲಿ ಯಾವುವನ್ನು ಉಳಿಸಿಕೊಂಡರು, ಯಾವುವನ್ನು ಬಿಟ್ಟರು ಎಂಬುದನ್ನು ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ತಿಳಿಯುತ್ತದೆ. ಬಿಟ್ಟದ್ದೇ ಹೆಚ್ಚು.

ನಾಲ್ಕುತಂತಿ:

ಕಮಾನು ಅವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಹೊಸಬರನ್ನು ನೇರವಾಗಿ ‘ಜರ್ನಲ್ ವಯೊಲೋನ್’ಗೆ ಕಳುಹಿಸುವುದನ್ನು ನಾನು ಒಪ್ಪಲಾರೆ. ‘ಸೋಲಾರ್’ ನಿಮ್ಮನ್ನು ಹಿಡಿದು ನಿಲ್ಲಿಸಿತು ಎಂದರೆ ನಿಮ್ಮ ಕಿವಿ ಈಗಾಗಲೇ ಒಂದು ದಾರಿಯನ್ನು ಆರಿಸಿಕೊಂಡಿದೆ. ಆ ದಾರಿಯಲ್ಲಿಯೇ ಇನ್ನಷ್ಟು ದೂರ ನಡೆಯಬಹುದು. ಹಾಲೆಂಡ್ ಅವರದೇ ‘ಒನ್ಸ್ ಆಲ್’ ಎಂಬ 1993ರ ಆಲ್ಬಂನಲ್ಲಿ ಕೋಲ್ಟ್ರೇನ್ ಅವರ ‘ಮಿಸ್ಟರ್ ಪಿ.ಸಿ.’ ಇದೆ. ಆ ಪಿ.ಸಿ. ಎಂದರೆ ಬೇಸ್ ವಾದಕ ಪಾಲ್ ಚೇಂಬರ್ಸ್. ಬೇಸ್ ವಾದಕನಿಗಾಗಿ ರಚಿಸಿದ್ದು ಕೊನೆಗೆ ಬೇಸ್ ಒಂದರಲ್ಲೇ ನುಡಿದದ್ದನ್ನು ಕೇಳುವ ಸುಖವೇ ಬೇರೆ.

ನನಗೆ ಅತಿ ಪ್ರಿಯವಾದದ್ದು ಮಾರ್ಕ್ ಜಾನ್ಸನ್ ಅವರ ‘ಓವರ್‌ಪಾಸ್’. ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಕೊನೆಯ ಟ್ರಿಯೊದಲ್ಲಿ (ಮೂವರ ತಂಡದಲ್ಲಿ) ಇದ್ದ ಜಾನ್ಸನ್, ಆ ಟ್ರಿಯೊ ರಾತ್ರಿಯಿಂದ ರಾತ್ರಿಗೆ ಹಿಗ್ಗಿಸುತ್ತ ನುಡಿಸಿದ ‘ನಾರ್ಡಿಸ್’ ಅನ್ನು ಸುಮಾರು ನಾಲ್ಕು ದಶಕಗಳ ನಂತರ ಬ್ರೆಜಿಲ್‌ನ ಸಾವೊ ಪೌಲೊ ನಗರದಲ್ಲಿ ಒಬ್ಬರೇ ಕುಳಿತು ನುಡಿಸಿದರು; ಆಲ್ಬಂ ಹೊರಬಂದದ್ದು 2021ರಲ್ಲಿ. ಪಿಯಾನೊ ಇಲ್ಲದಿದ್ದರೂ ಅದರ ಜಾಗ ಖಾಲಿ ಎನಿಸುವುದಿಲ್ಲ. ಅಲ್ಲಿ ಯಾರೋ ಇದ್ದು ಹೋದಂತೆ ಎನಿಸುತ್ತದೆ. ಲ್ಯಾರಿ ಗ್ರೆನಡಿಯರ್ ಅವರ ‘ದಿ ಗ್ಲೀನರ್ಸ್’ ಕೂಡ ಇದೇ ದಾರಿಯದು. ಅದರಲ್ಲಿ ಹಿಂದಿನ ಬೇಸ್ ವಾದಕ ಆಸ್ಕರ್ ಪೆಟಿಫೋರ್ಡ್ ಅವರಿಗೆ ಅರ್ಪಿಸಿದ ರಚನೆಯಿದೆ, ಗರ್ಶ್ವಿನ್ ಅವರ ರಚನೆಯಿದೆ, ಕೋಲ್ಟ್ರೇನ್ ಅವರದೂ ಇದೆ.

ವಾದ್ಯದ ಬಗ್ಗೆ ಒಂದು ಮಾತನ್ನೂ ಸೇರಿಸಬೇಕು. ಹಿಂದೆ ಬೇಸಿಗೆ ಪ್ರಾಣಿಗಳ ಕರುಳಿನಿಂದ ಮಾಡಿದ ದಪ್ಪ ತಂತಿಗಳನ್ನು ಕಟ್ಟುತ್ತಿದ್ದರು. ಮೀಟಿದಾಗ ಅವುಗಳ ನಾದ ಗಟ್ಟಿಯಾಗಿ ಎದ್ದು ಬೇಗನೆ ಅಡಗುತ್ತಿತ್ತು. 1960ರ ದಶಕದ ಹೊತ್ತಿಗೆ ಉಕ್ಕಿನ ತಂತಿಗಳು ಹೆಚ್ಚು ಬಳಕೆಗೆ ಬಂದವು. ಅವನ್ನು ಬೆರಳಿಡುವ ಪಟ್ಟಿಗೆ ಹತ್ತಿರವಾಗಿ ಕಟ್ಟಬಹುದಾದ್ದರಿಂದ ಬೆರಳು ವೇಗವಾಗಿ ಓಡಿತು, ಸ್ವರವೂ ಬಹಳ ಹೊತ್ತು ನಿಂತಿತು. ಹಾಲೆಂಡ್ ಅವರ ಬೇಸ್ ಹಾಡಿದಂತೆ ಕೇಳುವುದಕ್ಕೆ ಅವರ ಕೈ ಎಷ್ಟು ಕಾರಣವೋ ಈ ಬದಲಾವಣೆಯೂ ಅಷ್ಟೇ ಕಾರಣ. ಇನ್ನೊಂದು ವಿಷಯವೆಂದರೆ, ಬೇಸಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಮೊಬೈಲಿನ ಅಥವಾ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಅದು ಹೊರಗೇ ಬರುವುದಿಲ್ಲ. ನೀವು ಬ್ರ್ಯಾಕ್ಸ್‌ಟನ್ ರಚನೆಯನ್ನು ಹಾಗೆ ಕೇಳಿದ್ದರೆ, ಒಳ್ಳೆಯ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿ.

ಸಂಜೆಯ ಶ್ರೋತೃ:

ನಾಲ್ಕುತಂತಿ ಅವರ ಸಲಹೆ ಒಳ್ಳೆಯದೇ, ಆದರೆ ಅದರಲ್ಲಿ ಒಂದು ಅಪಾಯವಿದೆ. ಪರಿಚಿತ ಧಾಟಿಯ ಆಸರೆಯಲ್ಲಿಯೇ ಕೇಳುತ್ತಿದ್ದರೆ, ಇಲ್ಲದ ಪಿಯಾನೊವನ್ನೂ ಇಲ್ಲದ ಡ್ರಮ್ಸನ್ನೂ ನಾವೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತೇವೆ. ಎದುರಿಗಿರುವ ಬೇಸ್ ಮತ್ತೆ ಪಕ್ಕವಾದ್ಯವಾಗಿಬಿಡುತ್ತದೆ. ನಾನು ಜರ್ಮನಿಯ ಬೇಸ್ ವಾದಕ ಪೀಟರ್ ಕೋವಾಲ್ಡ್ ಅವರ ‘ವಾಸ್ ಡಾ ಇಸ್ಟ್’ ಹೆಸರಿಸುತ್ತೇನೆ. ‘ಅಲ್ಲಿ ಇರುವುದು’ ಎಂದು ಆ ಜರ್ಮನ್ ಹೆಸರಿನ ಅರ್ಥ. ಆಲ್ಬಂ ಕೂಡ ಹಾಗೆಯೇ ಇದೆ. ಇಪ್ಪತ್ತಕ್ಕೂ ಹೆಚ್ಚು ಖಂಡಗಳಿವೆ, ಒಂದೊಂದೂ ಒಂದು ನಾದವನ್ನೋ ಒಂದು ಚಲನೆಯನ್ನೋ ಎತ್ತಿಕೊಂಡು ಅದು ಮುಗಿದೊಡನೆ ನಿಲ್ಲುತ್ತದೆ. ಹಾಗಾಗಿ ಹೊಸಬರಿಗೂ ಇದು ಭಾರವಾಗದು. ವುಪರ್ಟಾಲ್ ನಗರದ ಕೋವಾಲ್ಡ್, ರಷ್ಯಾದ ತುವಾ ಪ್ರದೇಶದ ಗಾಯಕಿ ಸೈನ್ಖೊ ನಮ್ಚಿಲಕ್ ಅವರೊಂದಿಗೆ ನುಡಿಸಿದವರು. ಗಂಟಲಿನ ಆಳದಿಂದ ಒಂದೇ ಉಸಿರಿನಲ್ಲಿ ಎರಡು ಸ್ವರ ಹೊರಡಿಸುವ ಆ ನಾಡಿನ ಹಾಡುಗಾರಿಕೆ ಅವರ ಕಮಾನಿನ ಜೊತೆಗೆ ಅವರ ಕಂಠಕ್ಕೂ ಬಂದಿತ್ತು. ಬೇಸ್ ಎಲ್ಲಿ ನಿಂತು ದನಿ ಎಲ್ಲಿ ಆರಂಭವಾಯಿತು ಎಂದು ಹೇಳಲಾಗದ ಕ್ಷಣಗಳಿಗಾಗಿ ನಾನು ಈ ಆಲ್ಬಂಗೆ ಮರಳುತ್ತಿರುತ್ತೇನೆ. ಕೋವಾಲ್ಡ್ 2002ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಕಂಠ ಮತ್ತು ಬೇಸನ್ನು ಒಟ್ಟಿಗೆ ಕೇಳಬೇಕೆಂದರೆ ಫ್ರಾನ್ಸಿನ ಜೊಯೆಲ್ ಲೆಆಂದ್ರ್ ಅವರನ್ನೂ ಬಿಡಬೇಡಿ. ಅವರ ‘ಟ್ಯಾಕ್ಸಿ’ ಎಂಬ ರಚನೆಯ ಮಾತುಗಳೆಲ್ಲ ಈ ಬೃಹತ್ ವಾದ್ಯವನ್ನು ಹೊತ್ತು ಟ್ಯಾಕ್ಸಿ ಹತ್ತುವಾಗ ಚಾಲಕರಿಂದ ಕೇಳಬೇಕಾದ ಮಾತುಗಳಿಗೆ ಸಂಬಂಧಿಸಿದವು.

ಬೇಸ್ ವಾದಕ ಹೆನ್ರಿ ಗ್ರೈಮ್ಸ್ ಹೆಸರು ಇಲ್ಲಿ ಬರದಿದ್ದರೆ ಅನ್ಯಾಯವಾದೀತು. ಸಾನಿ ರಾಲಿನ್ಸ್, ಆಲ್ಬರ್ಟ್ ಐಲರ್, ಸೆಸಿಲ್ ಟೇಲರ್ ಮುಂತಾದ ಹೆಸರಾಂತ ಜಾಝ್ ಕಲಾವಿದರೊಂದಿಗೆ ನುಡಿಸಿದ ಗ್ರೈಮ್ಸ್ 1960ರ ದಶಕದ ಕೊನೆಯಲ್ಲಿ ಕಣ್ಮರೆಯಾದರು. ತೀರಿಕೊಂಡರೆಂದೇ ಹಲವರು ನಂಬಿದ್ದರು. 2002ರಲ್ಲಿ ಲಾಸ್ ಏಂಜಲೀಸ್‌ನ ಒಂದು ಪುಟ್ಟ ಬಾಡಿಗೆ ಕೋಣೆಯಲ್ಲಿ ಅವರು ಪತ್ತೆಯಾದಾಗ ಅವರ ಬಳಿ ವಾದ್ಯವೇ ಇರಲಿಲ್ಲ. ಬೇಸ್ ವಾದಕ ವಿಲಿಯಂ ಪಾರ್ಕರ್ ತಮ್ಮದೊಂದು ಬೇಸನ್ನು ಅವರಿಗೆ ಕಳುಹಿಸಿದರು. ಹಸಿರು ಬಣ್ಣದ ಆ ಬೇಸಿನ ಹೆಸರು ‘ಆಲಿವ್ ಆಯಿಲ್’. ಮರಳಿ ಬಂದ ಮೇಲೆ ಗ್ರೈಮ್ಸ್ ‘ಸೋಲೊ’ ಎಂಬ ಎರಡು ಸಿ.ಡಿ.ಗಳ ಆಲ್ಬಂ ಮಾಡಿದರು. ಬೇಸಿನ ಜೊತೆಗೆ ಅಲ್ಲಲ್ಲಿ ಪಿಟೀಲನ್ನೂ ನುಡಿಸಿದ್ದಾರೆ. ಎರಡು ಗಂಟೆ ಮೀರಿದ ಆ ವಾದನ ದೀರ್ಘವಾಯಿತೆಂದು ಹೇಳುವವರಿದ್ದಾರೆ. ಮೂವತ್ತು ವರ್ಷ ಮೌನವಾಗಿದ್ದವರ ಮಾತನ್ನು ನಡುವೆ ತಡೆಯಲು ನನಗೆ ಮನಸ್ಸು ಬರುವುದಿಲ್ಲ.

ಮಂದ್ರಪಂಚಮ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಾಲ್ಕುತಂತಿ ಅವರ ಊಹೆ ಸರಿಯಾಗಿತ್ತು. ಆ ಎರಡು ಸಲವೂ ನಾನು ಕೇಳಿದ್ದು ಲ್ಯಾಪ್‌ಟಾಪಿನಲ್ಲಿಯೇ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೊದಲು ‘ನಾರ್ಡಿಸ್’ ಕೇಳಿದೆ, ನಂತರ ಧೈರ್ಯ ಮಾಡಿ ‘ಜರ್ನಲ್ ವಯೊಲೋನ್’ನ ಮೊದಲ ಭಾಗವನ್ನು ಕೇಳಿದೆ. ‘ನಾರ್ಡಿಸ್’ ಕೂಡಲೇ ಮನಸ್ಸಿಗೆ ಹತ್ತಿತು. ಎರಡನೆಯದರಲ್ಲಿ ಸುಮಾರು ಐದು ನಿಮಿಷ ಅದೇ ಹಳೆಯ ಕಳವಳವಿತ್ತು: ಇದು ಎಲ್ಲಿಗೆ ಹೋಗುತ್ತಿದೆ? ಆಮೇಲೆ ಒಂದು ಕಡೆ ಕಮಾನು ನಿಂತು, ಮಾರ್ದನಿ ಮಾತ್ರ ಉಳಿದು, ಅದೂ ಕ್ಷೀಣಿಸುತ್ತಿರುವಾಗ ನಾನು ಉಸಿರು ಹಿಡಿದು ಕುಳಿತಿದ್ದೆನೆಂಬುದು ಗಮನಕ್ಕೆ ಬಂತು. ಆ ನಂತರ ಪ್ರಶ್ನೆ ಮತ್ತೆ ಏಳಲಿಲ್ಲ. ಬ್ರ್ಯಾಕ್ಸ್‌ಟನ್ ರಚನೆಗೆ ಇನ್ನೂ ಮರಳಿಲ್ಲ. ಅದಕ್ಕೆ ಮೊದಲು ಕೋವಾಲ್ಡ್ ಕೇಳಬೇಕೆಂದಿದ್ದೇನೆ.

ಕಮಾನು:

ಕೋವಾಲ್ಡ್ ಆದ ಮೇಲೆ, ಏಕಾಂಗಿ ವಾದನದ ಎಲ್ಲೆಯನ್ನು ಒಂದಿಷ್ಟು ಮೀರಿದರೂ ಚಿಂತೆಯಿಲ್ಲ, ‘ಮ್ಯೂಸಿಕ್ ಫ್ರಮ್ ಟು ಬೇಸಸ್’ ಕೇಳಿ. 1971ರಲ್ಲಿ ಫಿಲಿಪ್ಸ್ ಮತ್ತು ಹಾಲೆಂಡ್ ಇಬ್ಬರೇ ಕುಳಿತು ನುಡಿಸಿದ್ದು ಅದು. ಹಾಲೆಂಡ್ ‘ಎಮರಾಲ್ಡ್ ಟಿಯರ್ಸ್’ ಮಾಡುವುದಕ್ಕೆ ಆರು ವರ್ಷ ಮೊದಲು. ನಿಮಗೆ ಧಾಟಿಯ ಮೂಲಕ ಹತ್ತಿರವಾದವರು ಮತ್ತು ನಾದದ ಮೂಲಕ ಹತ್ತಿರವಾಗುತ್ತಿರುವವರು ಅಲ್ಲಿ ಒಂದೇ ಕೋಣೆಯಲ್ಲಿದ್ದಾರೆ. ಯಾವುದು ಯಾರ ಬೇಸ್ ಎಂದು ನಿಮಗೆ ಯಾವ ಸ್ವರದಲ್ಲಿ ಗುರುತು ಸಿಕ್ಕಿತೆಂಬುದನ್ನು ಬರೆಯಿರಿ.