‘ನವೀಕರಿಸಬಹುದಾದ ಇಂಧನ’: ಪಂಚಾಯ್ತಿ ಸದಸ್ಯರಿಗೆ ಹೇಗೆ ಹೇಳೋದು?

ಬಳಗದವರಿಗೆ ನಮಸ್ಕಾರ.

ಗ್ರಾಮ ಪಂಚಾಯ್ತಿ ಸದಸ್ಯರ ತರಬೇತಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಊರಿನ ಬೀದಿದೀಪ, ನೀರಿನ ಮೋಟಾರು ಎಲ್ಲವನ್ನೂ ಗಾಳಿ, ಬಿಸಿಲಿನ ಕರೆಂಟಿಗೆ ತರುವುದು ಹೇಗೆ ಅನ್ನುವುದು ವಿಷಯ. ಮೊನ್ನೆ ಒಂದು ಪಂಚಾಯ್ತಿಯಲ್ಲಿ ಅದನ್ನು ಓದಿ ಹೇಳಿದೆ. ‘ನವೀಕರಿಸಬಹುದಾದ ಇಂಧನ’ (ಇಂಗ್ಲಿಷಿನ ರಿನ್ಯೂಯೆಬಲ್ ಎನರ್ಜಿ) ಅಂದಿದ್ದೇ ತಡ, ಹಿರಿಯ ಸದಸ್ಯೆಯೊಬ್ಬರು ಕೇಳಿದರು: “ವರ್ಷಕ್ಕೊಂದ್ಸಲ ನವೀಕರಣ ಮಾಡಿಸ್ಬೇಕಾ ಸಾರ್? ಫೀಸೆಷ್ಟು?”

ನಗು ಬಂತು. ಆಮೇಲೆ ಅವರು ಕೇಳಿದ್ದೇ ಸರಿ ಅನ್ನಿಸಿತು. ಪಂಚಾಯ್ತಿಯಲ್ಲಿ ನವೀಕರಣ ಅಂದರೆ ಅಂಗಡಿ ಲೈಸೆನ್ಸಿನದು, ಇಲ್ಲವೇ ಹಳೇ ಕಟ್ಟಡದ್ದು. ಎರಡನ್ನೂ ಯಾರಾದರೂ ಮಾಡಿಸಬೇಕು. ಗಾಳಿ, ಬಿಸಿಲನ್ನು ಯಾರು ನವೀಕರಿಸುತ್ತಾರೆ? ಅವು ತಾವಾಗಿಯೇ ಬರುತ್ತವೆ. ‘-ಬಹುದಾದ’ ಅನ್ನುವ ಬಾಲವೇ ದಾರಿ ತಪ್ಪಿಸುತ್ತಿದೆ ಅಂತ ನನ್ನ ಗುಮಾನಿ.

‘ಇಂಧನ’ದ್ದೂ ಅದೇ ಕತೆ. ಸಂಸ್ಕೃತದ ‘ಇಂಧ್’ ಅಂದರೆ ಹೊತ್ತಿಸು. ಇಂಧನ ಅಂದರೆ ಮೂಲದಲ್ಲಿ ಸೌದೆ. ಗಾಳಿಯಲ್ಲಿ ಹೊತ್ತಿಸುವುದೇನಿದೆ? ಹೋಗಲಿ, ‘ಶಕ್ತಿ’ ಅನ್ನೋಣ ಅಂದರೆ 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳಿಗೆ ಶಕ್ತಿ ಅಂದರೆ ಫ್ರೀ ಬಸ್ಸು. (ಪಾವಗಡದ ಸೋಲಾರ್ ಪಾರ್ಕಿಗೆ ‘ಶಕ್ತಿ ಸ್ಥಳ’ ಅಂತ ಹೆಸರಿಟ್ಟದ್ದು ಅದಕ್ಕೂ ಮುಂಚೆ.)

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಅಸಾಂಪ್ರದಾಯಿಕ’ ಬೇಡವೇ ಬೇಡ. ಗಾಳಿ, ಬಿಸಿಲಿಗಿಂತ ಹಳೇ ಸಂಪ್ರದಾಯ ಇನ್ಯಾವುದು? ಇದೇ ವಿಷಯದ ಕೇಂದ್ರ ಸಚಿವಾಲಯವೇ 2006ರಲ್ಲಿ ತನ್ನ ಹೆಸರಿನಿಂದ ಆ ಪದ ಬಿಟ್ಟಿತು. ‘ಮರುಬಳಕೆ ಇಂಧನ’ ಅಂತ ಕೆಲವರು ಬರೆಯುತ್ತಾರೆ, ಅದು ಖಾಲಿ ಬಾಟಲಿಗೆ ಸರಿ. ‘ತೀರದ ಇಂಧನ’ ಅಂದರೆ ಕಡಲ ತೀರದ್ದು ಅಂದುಕೊಳ್ಳುತ್ತಾರೆ. ‘ಬತ್ತದ ಇಂಧನ’ ನನಗೆ ತುಂಬಾ ಹಿಡಿಸಿತ್ತು. ಜೋರಾಗಿ ಓದಿದರೆ ಭತ್ತದ ಇಂಧನ! ಹೊಟ್ಟು ಉರಿಸಿ ಕರೆಂಟ್ ಮಾಡುವುದೂ ಇದೆಯಲ್ಲ, ಗೊಂದಲ ಇನ್ನೂ ಜಾಸ್ತಿ.

ಇನ್ನೊಂದು ತೊಡಕು ‘ಸಂಪೂರ್ಣ’ ಅನ್ನುವ ಮಾತಿನದು. ಕೈಪಿಡಿಯಲ್ಲಿ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯ್ತಿಯ ಉದಾಹರಣೆ ಇದೆ. 2006ರಲ್ಲಿ ಅವರು ಸ್ವಂತ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ, ಸುಮಾರು ಒಂದೂವರೆ ಕೋಟಿಗೆ 350 ಕಿಲೋವ್ಯಾಟಿನ ಗಾಳಿಯಂತ್ರ ಕೊಂಡರು. ಪಂಚಾಯ್ತಿ ಬಳಸಿ ಮಿಕ್ಕದ್ದನ್ನು ವಿದ್ಯುತ್ ಮಂಡಳಿಗೆ ಮಾರುತ್ತಾರೆ. ವರ್ಷದ ಲೆಕ್ಕ ಹಿಡಿದರೆ ಬಳಸಿದ್ದಕ್ಕಿಂತ ಬೆಳೆದದ್ದೇ ಜಾಸ್ತಿ. ಆದರೆ ಗಾಳಿ ನಿಂತ ರಾತ್ರಿಯೂ ಅಲ್ಲಿ ಬೀದಿದೀಪ ಉರಿಯುತ್ತದೆ, ಅಲ್ವಾ? ಆ ಹೊತ್ತಿನ ಕರೆಂಟ್ ಮಂಡಳಿಯ ತಂತಿಯದೇ. ಇದನ್ನು ‘ಸಂಪೂರ್ಣ ಗಾಳಿ ಕರೆಂಟ್’ ಅನ್ನಲು ಮನಸ್ಸು ಒಪ್ಪಲಿಲ್ಲ. ‘ವರ್ಷದ ಲೆಕ್ಕದಲ್ಲಿ ಸ್ವಂತ ಕರೆಂಟ್’ ಅಂತ ಬರೆದೆ. ಉದ್ದವಾಯಿತು, ಸುಳ್ಳಾಗಲಿಲ್ಲ.

ಒಂದು ಕಡೆ ಬೆಳೆದ ಕರೆಂಟನ್ನು ಮಂಡಳಿಯ ತಂತಿಯಲ್ಲಿ ಇನ್ನೊಂದು ಕಡೆಗೆ ಕಳಿಸಿ ಬಳಸುವುದಕ್ಕೆ ಈ ಕಸುಬಿನವರು ‘ವೀಲಿಂಗ್’ ಅನ್ನುತ್ತಾರೆ. ನಮ್ಮ ಹುಡುಗರಿಗೆ ವೀಲಿಂಗ್ ಅಂದರೆ ಬೈಕಿನ ಮುಂದಿನ ಚಕ್ರ ಎತ್ತುವುದು. ಹಾಗಾಗಿ ‘ಸಾಗಣೆ’ ಅಂತ ಹಾಕಿ, ಅದರ ಶುಲ್ಕಕ್ಕೆ ‘ಸಾಗಣೆ ಬಾಡಿಗೆ’ ಅಂದಿದ್ದೇನೆ. ನಡೆಯುತ್ತದೆಯೇ?

ಮುಖ್ಯ ಪದಕ್ಕೆ ಸದ್ಯ ‘ಗಾಳಿ-ಬಿಸಿಲಿನ ಕರೆಂಟ್’ ಅಂತ ಇಟ್ಟಿದ್ದೇನೆ. ಸದಸ್ಯರಿಗೆ ಥಟ್ಟಂತ ಹಿಡಿಯುತ್ತದೆ. ಆದರೆ ಗೋಬರ್ ಗ್ಯಾಸೂ, ಹೊಳೆ ನೀರಿನ ಚಿಕ್ಕ ಟರ್ಬೈನೂ ಹೊರಗುಳಿದವು. ಇವನ್ನೆಲ್ಲ ಒಟ್ಟಿಗೆ ಹಿಡಿಯುವ, ಬಾಯಿಗೆ ಸಲೀಸಾದ ಪದ ನಿಮ್ಮ ಕಡೆ ಇದ್ದರೆ ತಿಳಿಸಿ.