ಸಹಾಯ ಬೇಕು: ನಮ್ಮ ದಡಕ್ಕೆ ಹೊಂದುವ ಗಾಳಿ, ಅಲೆ ಮುನ್ಸೂಚನೆ

ನಾನು ವಿಂಡ್‌ಸರ್ಫಿಂಗ್ ಮಾಡುತ್ತೇನೆ. ಆ್ಯಪ್ ಗಾಳಿಯ ವೇಗ 10 ನಾಟ್ ಅನ್ನುತ್ತದೆ, ನೀರಿಗಿಳಿದರೆ 18 ಇರುತ್ತದೆ. ಇನ್ನೊಂದು ದಿನ ದೊಡ್ಡ ಸೇಲ್ (ಹಾಯಿ) ಹೊತ್ತುಕೊಂಡು ಹೋದರೆ ಒಂದು ಎಲೆಯೂ ಅಲ್ಲಾಡುವುದಿಲ್ಲ!

ಕಾರಣ ಸ್ವಲ್ಪ ಗೊತ್ತು. ಆ್ಯಪ್‌ಗಳು ನೆಚ್ಚುವ ಕಂಪ್ಯೂಟರ್ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ. ಅಮೆರಿಕದ ಜಿಎಫ್‌ಎಸ್ ಮಾದರಿಯ ಒಂದು ಚೌಕದ ಬದಿಯೇ ಸುಮಾರು 13 ಕಿ.ಮೀ., ಯುರೋಪಿನ ಇಸಿಎಂಡಬ್ಲ್ಯುಎಫ್‌ನದು ಸುಮಾರು 9. ಅದರೊಳಗೆ ದಡದ ಗುಡ್ಡ, ಸಣ್ಣ ಕೊಲ್ಲಿ ಎಲ್ಲ ಮಾಯ. ಮಧ್ಯಾಹ್ನ ನೆಲ ಕಾದ ಮೇಲೆ ಏಳುವ ಕಡಲಗಾಳಿಯೂ ಸರಿಯಾಗಿ ಸಿಗುವುದಿಲ್ಲ.

ಈಗ ಮೂರು ತಿಂಗಳಿಂದ ಮುನ್ಸೂಚನೆ ಮತ್ತು ನಿಜವಾದ ಗಾಳಿ ಎರಡನ್ನೂ ಬರೆದಿಡುತ್ತಿದ್ದೇನೆ. ತಪ್ಪು ಸುಮ್ನೆ ಯಾದೃಚ್ಛಿಕ ಅಲ್ಲ, ದಿಕ್ಕಿನ ಮೇಲೆ ನಿಂತಿದೆ. ಹಾಗಾಗಿ ದಿಕ್ಕು, ಹೊತ್ತು ನೋಡಿ ಬೇರೆ ಬೇರೆ ತಿದ್ದುಪಡಿ ಹಾಕಬೇಕು, ಅಲ್ವಾ? ಅದಕ್ಕೆ ಎಷ್ಟು ದಿನಗಳ ದಾಖಲೆ ಸಾಕು? ಇನ್ನೊಂದು ತಲೆನೋವು: ಮಾದರಿ ಹೇಳುವುದು 10 ಮೀಟರ್ ಎತ್ತರದ ಗಾಳಿ, ನನ್ನ ಕೈಯಲ್ಲಿ ಹಿಡಿಯುವ ಗಾಳಿಮಾಪಕ ಇರುವುದು 2 ಮೀಟರ್‌ನಲ್ಲಿ. ಲೆಕ್ಕ ಹೇಗೆ ಹೊಂದಿಸುತ್ತೀರಿ?

ಅಲೆಯ ವಿಷಯದಲ್ಲಂತೂ ಪೂರ್ತಿ ಕಂಗಾಲು. ಒಂದೇ ಎತ್ತರ ಇದ್ದರೂ 14 ಸೆಕೆಂಡಿಗೊಮ್ಮೆ ಬರುವ ಅಲೆಗೆ 7 ಸೆಕೆಂಡಿಗೊಮ್ಮೆ ಬರುವುದಕ್ಕಿಂತ ಜೋರು ಜಾಸ್ತಿ. ಆಳ ಕಡಿಮೆಯಾದಂತೆ ಅದು ಬಾಗುತ್ತದೆ, ಏರುತ್ತದೆ. ದೂರದ ಬೋಯ್ (ಕಡಲಲ್ಲಿ ತೇಲುತ್ತಾ ಅಲೆ ಅಳೆಯುವ ಸಾಧನ) ಅಂಕಿಯಿಂದ ದಡದ ಅಲೆ ಅಂದಾಜು ಮಾಡಿದವರು ಯಾರಾದರೂ ಇದ್ದೀರಾ? ನಿಮ್ಮ ಸ್ಪ್ರೆಡ್‌ಶೀಟ್ ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ, ತೋರಿಸಿ.