ಪದಚರ್ಚೆ: ಹೊಲದಿಂದ ಆವಿಯಾಗಿ ಹೋಗುವ ನೀರಿಗೆ ‘ನೀರಾರಿಕೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಪದ ನನ್ನ ತಲೆ ತಿನ್ನುತ್ತಿದೆ. ಇಂಗ್ಲಿಷಿನಲ್ಲಿ ಅದು ‘ಇವಾಪೊಟ್ರಾನ್ಸ್‌ಪಿರೇಷನ್’. ಬಲ್ಲವರು ಸುಮ್ನೆ ‘ಇಟಿ’ ಅನ್ನುತ್ತಾರೆ. ಹಸಿ ನೆಲದಿಂದ, ನಿಂತ ನೀರಿನಿಂದ ಆವಿಯಾಗಿ ಹೋಗುವುದು ಒಂದು. ಬೇರು ಹೀರಿದ ನೀರು ಎಲೆಯ ಸಣ್ಣ ತೂತುಗಳಿಂದ ಆವಿಯಾಗಿ ಹೋಗುವುದು ಇನ್ನೊಂದು. ಎರಡನ್ನೂ ಕೂಡಿಸಿದರೆ ಇಟಿ. ಹೊಲದಲ್ಲಿ ಇವೆರಡನ್ನು ಬೇರೆ ಬೇರೆ ಮಾಡಿ ಅಳೆಯುವುದು ಕಷ್ಟ, ಅದಕ್ಕೇ ಒಂದೇ ಪದ.

ಈ ಪದ ನನ್ನ ತಲೆಗೆ ಕಟ್ಟಿಕೊಂಡದ್ದು ಒಂದು ಅನುವಾದದ ಕೆಲಸದಿಂದ. ಮಂಡ್ಯ ಕಡೆಯ ನಾಲೆ ಬಯಲಿನ ರೈತರಿಗೆ ಹಂಚಲು ನಾಲ್ಕು ಪುಟದ ಹಾಳೆ. ಉಪಗ್ರಹದ ಚಿತ್ರದಿಂದ ಯಾವ ಗದ್ದೆಯ ಇಟಿ ಎಷ್ಟು ಅಂತ ಅಂದಾಜು ಮಾಡಿ, ಬಣ್ಣ ಹಚ್ಚಿದ ನಕ್ಷೆ. ಮೊದಲ ಕರಡಿನಲ್ಲಿ ನಾನು ಶಾಲೆಯಲ್ಲಿ ಕಲಿತದ್ದನ್ನೇ ಬರೆದೆ: ‘ಬಾಷ್ಪೀಕರಣ ಮತ್ತು ಬಾಷ್ಪವಿಸರ್ಜನೆ’. ಊರಿಗೆ ಹೋದಾಗ ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಭತ್ತ, ಕಬ್ಬು ಬೆಳೆದೇ ಮುದುಕರಾದವರು. ಪೂರ್ತಿ ಕೇಳಿ, ‘ವಿಸರ್ಜನೆ ಅಂದ್ರೆ ಗಣಪತೀನ ಬುಡೋದು ಅಲ್ವೇನಪ್ಪಾ?’ ಅಂದರು.

ತಪ್ಪೇನಿದೆ? ನಮ್ಮ ಕಿವಿಗೆ ವಿಸರ್ಜನೆ ಅಂದರೆ ಗಣಪತಿ, ಇಲ್ಲವೇ ವಿಧಾನಸಭೆ. ಇನ್ನೊಂದು ವಿಸರ್ಜನೆಯ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಬಾಷ್ಪವೂ ಅಷ್ಟೆ. ಆನಂದಬಾಷ್ಪ ಬಿಟ್ಟರೆ ಮಾತಿನಲ್ಲಿ ಅದು ಎಲ್ಲಿದೆ? ‘ಕಬ್ಬಿನ ಬಾಷ್ಪವಿಸರ್ಜನೆ’ ಅಂದರೆ ಕಬ್ಬು ಅಳುತ್ತಿದೆ ಅನ್ನಿಸುತ್ತೆ.

ಎರಡನೇ ಕರಡಿನಲ್ಲಿ ಜಾಣತನ ತೋರಿಸಲು ಹೋದೆ. ‘ನೀರಿನ ನಷ್ಟ’ ಅಂತ ಬರೆದೆ. ಇಟಿ ಜಾಸ್ತಿ ಇರುವ ಗದ್ದೆಗಳಿಗೆ ನಕ್ಷೆಯಲ್ಲಿ ಗಾಢ ಬಣ್ಣ ಇತ್ತು. ದೊಡ್ಡಪ್ಪನ ಗದ್ದೆ ಅಲ್ಲೇ ಬಂತು. ‘ನಾನು ನಷ್ಟ ಮಾಡ್ತಾ ಇದ್ದೀನಾ?’ ಅಂತ ಕೇಳಿದರು. ಮುಖದಲ್ಲಿ ನಗು ಇರಲಿಲ್ಲ. ಆಗ ಹೊಳೆಯಿತು, ನಾನು ಬರೆದದ್ದು ಬರೀ ಒರಟು ಮಾತಲ್ಲ, ಸುಳ್ಳು. ಎಲೆಯಿಂದ ಹೋಗುವ ನೀರು ನಷ್ಟ ಅಲ್ಲ, ಪೈರು ಬೆಳೆಯಲು ಕೊಟ್ಟ ಬೆಲೆ. ಗಾಳಿ ಒಳಗೆ ಬರಲಿ ಅಂತ ಎಲೆ ಬಾಯಿ ತೆರೆಯುತ್ತೆ, ಆಗಲೇ ನೀರು ಹೊರಗೆ ಹೋಗುತ್ತೆ. ಬಾಯಿ ಮುಚ್ಚಿದರೆ ನೀರು ಉಳಿಯುತ್ತೆ, ಬೆಳೆ ನಿಲ್ಲುತ್ತೆ. ದೊಡ್ಡಪ್ಪನ ಗದ್ದೆ ಗಾಢವಾಗಿ ಕಂಡದ್ದು ಪೈರು ಚೆನ್ನಾಗಿದ್ದದ್ದಕ್ಕೆ. ನಾಲೆಯ ಕೊನೆಯಲ್ಲಿ ನೀರು ಸಿಗದೆ ಒಣಗಿದ ಗದ್ದೆ ತೆಳು ಬಣ್ಣದಲ್ಲಿತ್ತು. ನನ್ನ ಹಾಳೆಯ ಪ್ರಕಾರ ಅದು ‘ನಷ್ಟ ಇಲ್ಲದ’ ಗದ್ದೆ!

ಹಾಗಾದರೆ ರೈತರು ಏನನ್ನುತ್ತಾರೆ? ಮೊದಲು ನೆನಪಾದದ್ದು ‘ಇಂಗು’. ಆದರೆ ಇಂಗುವುದು ಕೆಳಗೆ ಹೋಗುವುದು. ಇಂಗುಗುಂಡಿ ತೋಡುವುದು ನೀರು ನೆಲಕ್ಕೆ ಇಳಿಯಲಿ ಅಂತ. ಅಡುಗೆಮನೆಯಲ್ಲಿ ಮಾತ್ರ ಅರ್ಥ ಸ್ವಲ್ಪ ಜಾರುತ್ತೆ: ‘ನೀರು ಇಂಗುವ ತನಕ ಬೇಯಿಸಿ’ ಅನ್ನುವಾಗ ಒಂದಷ್ಟು ನೀರು ಕಾಳಿನೊಳಗೆ, ಒಂದಷ್ಟು ಆವಿಯಾಗಿ ಮೇಲಕ್ಕೆ. ಒಗ್ಗರಣೆಯ ಇಂಗಿನ ಸಂಗತಿ ಬೇರೆಯೇ, ಅದನ್ನು ಬಿಡೋಣ. ಇಲ್ಲಿ ಮೇಲೆ ಕೆಳಗೆ ಅನ್ನುವುದೇ ಮುಖ್ಯ. ಕೆಳಗೆ ಇಂಗಿದ ನೀರು ಪಕ್ಕದವರ ಬಾವಿಗೋ ಬೋರ್‌ವೆಲ್ಲಿಗೋ ಸಿಗಬಹುದು. ಮೇಲೆ ಹೋದದ್ದು ಆ ಬಯಲಿನ ಲೆಕ್ಕದಿಂದಲೇ ಹೋಯಿತು. ಎರಡಕ್ಕೂ ಒಂದೇ ಪದ ಇಟ್ಟರೆ ನೀರಿನ ಲೆಕ್ಕ ಕೆಡುತ್ತೆ.

‘ಬತ್ತು’ ಕೆರೆ ಬಾವಿಗೆ ಸರಿ, ಬೆಳೆಗೆ ಅಪಶಕುನ. ‘ಒಣಗು’ ಕೂಡ ಹಾಗೇ.

ಉತ್ತರ ಸಿಕ್ಕಿದ್ದು ಗದ್ದೆ ಬದುವಿನ ಮೇಲೆ. ‘ಉಳಬಹುದಾ?’ ಅಂತ ಯಾರೋ ಕೇಳಿದರು. ದೊಡ್ಡಪ್ಪ, ‘ಇನ್ನೂ ಹಸಿ ಅದೆ, ಎರಡು ದಿನ ಆರ್ಲಿ ತಡಿ’ ಅಂದರು. ಆರಲಿ! ಹೊತ್ತು ಏರಿತ್ತು, ಮನೆಯಿಂದ ತಂದ ಕಾಫಿ ಲೋಟ ಪಕ್ಕದಲ್ಲಿತ್ತು. ಮುಂದಿನ ಮಾತು: ‘ಕಾಪಿ ಆರೋಯ್ತದೆ, ಕುಡಿ.’

ಒಂದೇ ಬಾಯಲ್ಲಿ ಎರಡು ‘ಆರು’. ನೆಲ ಆರುವುದು ಅಂದರೆ ಹಸಿ ಹೋಗುವುದು. ಕಾಫಿ ಆರುವುದು ಅಂದರೆ ಬಿಸಿ ಹೋಗುವುದು. ಬಟ್ಟೆ ಆರುತ್ತೆ, ಗಾಯ ಆರುತ್ತೆ, ದೀಪ ಆರುತ್ತೆ. ಬಾಯಿ ಆರಿದರೆ ಬಾಯಾರಿಕೆ. ಮರದ ಕೆಳಗೆ ಕೂತರೆ ಬೆವರು ಆರುತ್ತೆ, ಜೊತೆಗೆ ದಣಿವೂ ಆರುತ್ತೆ. ಹಳಗನ್ನಡದಲ್ಲಿ ಇದು ಱಕಾರದ ‘ಆಱು’. ಒಣಗುವುದು, ತಣಿಯುವುದು ಎರಡನ್ನೂ ಈ ಒಂದು ಧಾತು ಹೊತ್ತಿದೆ.

ಇದನ್ನು ಇಷ್ಟು ಎಳೆಯುತ್ತಿರುವುದಕ್ಕೆ ಕಾರಣ ಇದೆ. ಉಪಗ್ರಹ ಇಟಿಯನ್ನು ಅಂದಾಜು ಮಾಡುವುದು ಇದೇ ದಾರಿಯಲ್ಲಿ. ಆವಿಯಾಗಿ ಮೇಲೇರುವ ನೀರು ಅದಕ್ಕೆ ಕಾಣುವುದಿಲ್ಲ. ಕಾಣುವುದು ಎಷ್ಟು ಬೆಳಕು ವಾಪಸ್ ಬಂತು, ಎಷ್ಟು ಹಸಿರು ಇದೆ, ಮೇಲ್ಮೈ ಎಷ್ಟು ಬಿಸಿ ಇದೆ ಅನ್ನುವುದು. ತಂಪಾಗಿರುವ ಗದ್ದೆ ನೋಡಿ, ಇಲ್ಲಿ ನೀರು ಆವಿಯಾಗುತ್ತಿದೆ ಅಂತ ಊಹಿಸುತ್ತಾರೆ. ಅಂದರೆ ಒಂದು ‘ಆರು’ ನೋಡಿ ಇನ್ನೊಂದು ‘ಆರು’ ತಿಳಿಯುವುದು. ಕನ್ನಡದ ಕ್ರಿಯಾಪದವೇ ವಿಧಾನವನ್ನು ಹೇಳಿಬಿಟ್ಟಿದೆ ಅಲ್ವಾ?

ಲೆಕ್ಕ ಹೇಗೆ ಅಂತ ಕೇಳಿದಾಗ ನನಗೆ ಹೇಳಿಕೊಟ್ಟದ್ದು ಮನೆ ಖರ್ಚಿನ ಹಾಗೆ. ಬಿಸಿಲು ಸಂಬಳ. ಅದರಲ್ಲಿ ಒಂದಷ್ಟು ನೆಲ ಕಾಯಿಸಲು, ಒಂದಷ್ಟು ಗಾಳಿ ಕಾಯಿಸಲು, ಉಳಿದದ್ದು ನೀರನ್ನು ಆವಿ ಮಾಡಲು. ಮೊದಲ ಎರಡು ಖರ್ಚು ಗೊತ್ತಾದರೆ ಮೂರನೆಯದು ತಾನೇ ಸಿಗುತ್ತೆ. ಈ ಮೂರನೆಯ ಖರ್ಚು ಸಣ್ಣದಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಬೇಕು. ಅದೇ ನೀರನ್ನು 20 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾದದ್ದರ ಏಳು ಪಟ್ಟು. ಪುಸ್ತಕದಲ್ಲಿ ಇದಕ್ಕೆ ‘ಗುಪ್ತೋಷ್ಣ’ ಅನ್ನುತ್ತಾರೆ. ಈ ಪದದ ಬಗ್ಗೆ ನನಗೆ ತಕರಾರಿಲ್ಲ, ಚೆನ್ನಾಗಿಯೇ ಇದೆ.

ಗಾಳಿ ಕಾಯಿಸಿದ ಖರ್ಚನ್ನು ಹಿಡಿಯುವುದೇ ಕಷ್ಟ. ಅದಕ್ಕೆ ನೆದರ್ಲೆಂಡ್ಸಿನ ವಿಮ್ ಬಾಸ್ಟಿಯಾನ್ಸೆನ್ 1998ರಲ್ಲಿ ಪ್ರಕಟಿಸಿದ ‘ಸೆಬಾಲ್’ ವಿಧಾನದಲ್ಲಿ ಒಂದು ಉಪಾಯ ಇದೆ. ಇಡೀ ಚಿತ್ರದಲ್ಲಿ ಒಂದು ಒಣ ಜಾಗ, ಒಂದು ಹಸಿ ಜಾಗ ಹುಡುಕುತ್ತಾರೆ. ಒಣ ಜಾಗದಲ್ಲಿ ಆರಲು ಏನೂ ಇಲ್ಲ, ಬಿಸಿಲೆಲ್ಲ ನೆಲಕ್ಕೆ, ಗಾಳಿಗೆ ಹೋಗುತ್ತೆ. ಚೆನ್ನಾಗಿ ನೀರುಂಡ ಜಾಗದಲ್ಲಿ ಗಾಳಿ ಕಾಯಿಸಲು ಏನೂ ಉಳಿಯುವುದಿಲ್ಲ. ಮಿಕ್ಕ ಹೊಲಗಳನ್ನೆಲ್ಲ ಈ ಎರಡರ ನಡುವೆ ಕೂರಿಸುತ್ತಾರೆ. ಇಂಗ್ಲಿಷಿನಲ್ಲಿ ‘ಹಾಟ್ ಪಿಕ್ಸೆಲ್’, ‘ಕೋಲ್ಡ್ ಪಿಕ್ಸೆಲ್’. ಪಿಕ್ಸೆಲ್ ಅಂದರೆ ಚಿತ್ರದ ಒಂದು ಪುಟ್ಟ ಚೌಕ. ನಾನು ‘ಕಾದ ಚೌಕ’, ‘ಆರಿದ ಚೌಕ’ ಅಂತ ಬರೆದೆ, ಮರುಕ್ಷಣ ಹೊಡೆದು ಹಾಕಿದೆ. ‘ಆರಿದ ಚೌಕ’ ಅಂದರೆ ತಂಪಾದದ್ದೋ, ಒಣಗಿದ್ದೋ? ಇಲ್ಲಿ ಎರಡೂ ಒಂದಕ್ಕೊಂದು ಉಲ್ಟಾ! ನನ್ನ ಪ್ರೀತಿಯ ಕ್ರಿಯಾಪದ ಕೈಕೊಟ್ಟ ಜಾಗ ಇದು. ಕೊನೆಗೆ ‘ತಂಪು ಚೌಕ’ ಅಂತ ಇಟ್ಟೆ.

ಈಗ ನನ್ನ ಸಲಹೆಗೆ ಬರುತ್ತೇನೆ. ನೀರು + ಆರಿಕೆ = ನೀರಾರಿಕೆ. ನೀರಾವರಿಯ ಪಕ್ಕದಲ್ಲಿ ಇಟ್ಟು ಹೇಳಿ ನೋಡಿ: ಗದ್ದೆಗೆ ಬಂದದ್ದು ನೀರಾವರಿ, ಗದ್ದೆಯಿಂದ ಮೇಲೆ ಹೋದದ್ದು ನೀರಾರಿಕೆ. ಎರಡು ಭಾಗ ಮಾಡಬೇಕಾದರೆ ‘ನೆಲದಾರಿಕೆ’, ‘ಎಲೆಯಾರಿಕೆ’. ದಿನಕ್ಕೆ 5 ಮಿಲಿಮೀಟರ್ ನೀರಾರಿಕೆ ಅಂದರೆ ಒಂದು ಎಕರೆಯಿಂದ ಸುಮಾರು 20,000 ಲೀಟರ್. 5,000 ಲೀಟರಿನ ನಾಲ್ಕು ಟ್ಯಾಂಕರ್. ಮಿಲಿಮೀಟರ್ ಅಂದಾಗ ಸುಮ್ಮನಿದ್ದ ದೊಡ್ಡಪ್ಪ ಟ್ಯಾಂಕರ್ ಅಂದಾಗ ಬೆಚ್ಚಿದರು, ಹಾಗಾಗಿ ಹಾಳೆಯಲ್ಲಿ ಎರಡೂ ಇದೆ.

ನನಗೇ ಕಾಣುವ ತೊಡಕುಗಳನ್ನೂ ಹೇಳಿಬಿಡುತ್ತೇನೆ. ಒಂದು, ಉತ್ತರ ಕರ್ನಾಟಕದಲ್ಲಿ ‘ನೀರಡಿಕೆ’ ಅಂದರೆ ಬಾಯಾರಿಕೆ. ನೀರಾರಿಕೆ, ನೀರಡಿಕೆ – ಅವಸರದಲ್ಲಿ ಓದಿದರೆ ಕಲಸಿಹೋಗುತ್ತೆ. ತಮಾಷೆ ಅಂದರೆ, ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸೇರಿ ನೆಲದ ಬಿಸಿ ನೋಡಲೆಂದೇ ರೂಪಿಸಿರುವ ಉಪಗ್ರಹದ ಹೆಸರು ‘ತೃಷ್ಣಾ’. ಬಾಯಾರಿಕೆ, ನೀರಡಿಕೆ! ಅದರ ಮುಖ್ಯ ಕೆಲಸಗಳಲ್ಲಿ ನೀರಾರಿಕೆಯ ಅಂದಾಜೂ ಒಂದು. ಎರಡು, ಎಲೆಯಿಂದ ನೀರು ಹೋಗುವಾಗ ಎಲೆ ಒಣಗುವುದಿಲ್ಲ. ‘ಎಲೆಯಾರಿಕೆ’ ಅಂದರೆ ಎಲೆ ಬಾಡಿತು ಅಂತ ಕೇಳಿಸಬಹುದು. ಅಲ್ಲಿ ‘ಬೆವರು’ ವಾಸಿಯೇನೋ. ‘ಗಿಡ ಬೆವರುತ್ತೆ’ ಅಂದರೆ ಮಕ್ಕಳಿಗೂ ಅರ್ಥವಾಗುತ್ತೆ, ಬೆವರು ಆರಿದರೆ ಮೈ ತಂಪು ಅನ್ನುವುದೂ ಗೊತ್ತು.

ಇದರ ಬಾಲ ಹಿಡಿದು ಬಂದ ಇನ್ನೆರಡು ಪದಗಳಿವೆ. ‘ರೆಫರೆನ್ಸ್ ಇಟಿ’ ಮತ್ತು ‘ಆ್ಯಕ್ಚುವಲ್ ಇಟಿ’. ಮೊದಲನೆಯದು ಹವೆಯ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತಂದ ಕೈಪಿಡಿಯ ಪ್ರಕಾರ, 12 ಸೆಂಟಿಮೀಟರ್ ಎತ್ತರದ, ನೀರಿನ ಕೊರತೆ ಇಲ್ಲದ ಹುಲ್ಲಿನಿಂದ ಆ ದಿನದ ಬಿಸಿಲು, ಗಾಳಿ, ತೇವಕ್ಕೆ ಎಷ್ಟು ನೀರು ಹೋಗುತ್ತಿತ್ತು ಅನ್ನುವುದು. ಎರಡನೆಯದು ಈ ಹೊಲದಿಂದ ನಿಜವಾಗಿ ಎಷ್ಟು ಹೋಯಿತು ಅನ್ನುವುದು. ‘ಪರಾಮರ್ಶನ’, ‘ವಾಸ್ತವಿಕ’ ಅಂತ ಹಾಕಲು ಮನಸ್ಸು ಬರಲಿಲ್ಲ. ‘ಬಿಸಿಲು ಕೇಳಿದ ನೀರು’, ‘ಹೊಲ ಕೊಟ್ಟ ನೀರು’ ಅಂದಿದ್ದೇನೆ. ಕೇಳಿದ್ದಕ್ಕಿಂತ ಕೊಟ್ಟದ್ದು ತೀರಾ ಕಮ್ಮಿ ಇದ್ದರೆ ಪೈರಿಗೆ ನೀರು ಸಾಲುತ್ತಿಲ್ಲದಿರಬಹುದು. ಪದ ಉದ್ದವಾಯಿತು, ನಿಜ. ಹುಲ್ಲಿನ ಸಂಗತಿಯನ್ನೂ ಅದು ನುಂಗಿಹಾಕಿತು.

ಇನ್ನು ‘ಎಸ್ಟಿಮೇಟ್’. ಹಾಳೆಯ ಇಂಗ್ಲಿಷ್ ಪ್ರತಿಯಲ್ಲಿ ಒಂದು ಕಡೆ ಎಸ್ಟಿಮೇಟ್, ಇನ್ನೊಂದು ಕಡೆ ಮೆಷರ್. ನಾನು ಹಟ ಹಿಡಿದು ಎಲ್ಲ ಕಡೆ ‘ಅಂದಾಜು’ ಮಾಡಿದೆ. ಲೈಸಿಮೀಟರಿನಲ್ಲಿ ಮಣ್ಣು ತುಂಬಿದ ತೊಟ್ಟಿಯನ್ನೇ ತೂಗುತ್ತಾರೆ, ಅದು ಅಳತೆ. ಉಪಗ್ರಹದ್ದು ಕಣ್ಣಂದಾಜು. ಬಹಳ ದೂರದ, ಬಹಳ ಚುರುಕಾದ ಕಣ್ಣು, ಒಪ್ಪಿದೆ. ಆದರೂ ಅಮೆರಿಕದ ಉಪಗ್ರಹಗಳಾದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಎರಡೂ ಸೇರಿ ಒಂದು ಊರಿನ ಮೇಲೆ ಹಾಯುವುದು ಎಂಟು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಹತ್ತರ ಆಸುಪಾಸಿನಲ್ಲಿ. ನಡುವಿನ ದಿನಗಳನ್ನು ಹವಾಮಾನದ ಲೆಕ್ಕದಿಂದ ತುಂಬುತ್ತಾರೆ. ಮುಂಗಾರಿನಲ್ಲಿ ಮೋಡ ಕವಿದರೆ ನೆಲದ ಬಿಸಿ ಕಾಣುವುದೇ ಇಲ್ಲ. ಅವುಗಳ ಬಿಸಿ ನೋಡುವ ಚೌಕ 100 ಮೀಟರ್ ಉದ್ದಗಲ, ಹತ್ತಿರ ಹತ್ತಿರ ಎರಡೂವರೆ ಎಕರೆ. ನಮ್ಮ ಕಡೆ ಎಷ್ಟೋ ಜನರ ಗದ್ದೆ ಅದಕ್ಕಿಂತ ಚಿಕ್ಕದು. ದೊಡ್ಡಪ್ಪನ ಭತ್ತದ ಲೆಕ್ಕದಲ್ಲಿ ಪಕ್ಕದವರ ಕಬ್ಬೂ ಬೆರೆತಿದೆ. ಇದನ್ನು ‘ಅಳತೆ’ ಅಂತ ಅಚ್ಚು ಹಾಕಿ ಕೊಟ್ಟರೆ ನಾಳೆ ಬದುವಿನ ಮೇಲೆ ಜಗಳ.

ಪದದ ಬಗ್ಗೆ ಇಷ್ಟು ಹಟ ಯಾಕೆ ಅಂತ ಹಾಳೆ ಮಾಡಿಸುವವರು ಕೇಳಿದರು. ನನ್ನ ಉತ್ತರ ಇದು. ಅಮೆರಿಕದ ಐಡಹೋದಲ್ಲಿ ಇಂಥದ್ದೇ ನಕ್ಷೆಗಳನ್ನು ನೀರಿನ ಹಕ್ಕಿನ ಆಡಳಿತಕ್ಕೆ ಬಳಸಿದ್ದಾರೆ. ಅಲ್ಲಿನ ವಿಧಾನದ ಹೆಸರು ‘ಮೆಟ್ರಿಕ್’. 2021ರಲ್ಲಿ ಶುರುವಾದ ‘ಓಪನ್ ಇಟಿ’ ಜಾಲತಾಣದಲ್ಲಿ ಅಮೆರಿಕದ ಪಶ್ಚಿಮದ ರಾಜ್ಯಗಳ ಹೊಲಗಳ ಲೆಕ್ಕ ಯಾರು ಬೇಕಾದರೂ ನೋಡಬಹುದು. ಕಾವೇರಿ ಬಯಲಿಗೂ ಅಂಥದ್ದು ಬಂದರೆ ‘ನಷ್ಟ’ ಅನ್ನುವ ಪದ ಯಾರ ತಲೆಗೆ ಬೀಳುತ್ತೆ ಅನ್ನುವುದು ಊಹಿಸಲು ಕಷ್ಟವೇನಿಲ್ಲ.

ನನಗೆ ಬೇಕಾದದ್ದು ಇಷ್ಟು. ‘ನೀರಾರಿಕೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತೆ? ಇದನ್ನೋ ಇಂಥದ್ದನ್ನೋ ಯಾರಾದರೂ ಮೊದಲೇ ಬಳಸಿದ್ದರೆ ದಯವಿಟ್ಟು ತಿಳಿಸಿ, ನನ್ನದೇ ಆಗಬೇಕೆಂಬ ಆಸೆ ಇಲ್ಲ. ರಾಯಚೂರು, ಕೊಪ್ಪಳದ ಭತ್ತದ ಸೀಮೆಯವರು ನೆಲ ‘ಆರಿತು’ ಅನ್ನುತ್ತೀರಾ, ಬೇರೆ ಮಾತಿದೆಯಾ? ಕರಾವಳಿ, ಮಲೆನಾಡಿನವರಿಗೂ ಒಂದು ಪ್ರಶ್ನೆ: ನಿಮ್ಮಲ್ಲಿ ಕಾಫಿ ಆರುತ್ತದಾ, ತಣಿಯುತ್ತದಾ? ಅಲ್ಲಿ ‘ಆರು’ ಬರೀ ಬಟ್ಟೆಗೆ ಮೀಸಲಾಗಿದ್ದರೆ ನನ್ನ ಅರ್ಧ ವಾದ ಬಿದ್ದುಹೋಗುತ್ತೆ. ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ, ಹತ್ತು ದಿನ ಟೈಮಿದೆ.